ಅಪ್ಪ ಕೇಳದ ಟೇಕ್‌ಗಳು

ಮಾರ್ಚ್ 4, ಮಂಗಳವಾರ

ಇದನ್ನು ಯಾರಿಗೂ ಹೇಳಿಲ್ಲ. ಒಂದು ವರ್ಷದಿಂದ ಅಪ್ಪ ನುಡಿಸಿದ್ದನ್ನು ನುಡಿಸಿದ ಹಾಗೇ ಯಾರಿಗೂ ಕಳಿಸಿಲ್ಲ. ಅಪ್ಪನಿಗೂ ಕೇಳಿಸಿಲ್ಲ.

ಇವತ್ತೂ ಅಷ್ಟೇ. ಫ್ರಿಜ್ ಆಫ್, ಫ್ಯಾನ್ ಆಫ್, ಕಿಟಕಿಗೆ ಕಂಬಳಿ. ಯಾವುದೋ ಊರಿನ ಯಾರದೋ ಹಾಡು ಅಪ್ಪನ ಹೆಡ್‌ಫೋನಿನಲ್ಲಿ. ಅದಕ್ಕೆ ಪಿಟೀಲು ನುಡಿಸಿ ಇಂಟರ್ನೆಟ್ಟಿನಲ್ಲಿ ವಾಪಸ್ ಕಳಿಸುವುದು ನಮ್ಮ ಮನೆಯ ಕಸುಬು. ಟೇಕ್ ಮುಗಿದ ಕೂಡಲೇ ಅಪ್ಪ ಎದ್ದು ಹೋಗುತ್ತಾರೆ. ತಿದ್ದದ ಹಸಿ ಟೇಕ್ ಕೇಳುವ ಅಭ್ಯಾಸ ಮೊದಲಿನಿಂದಲೂ ಇಲ್ಲ. “ಕ್ಲೀನ್ ಮಾಡಿ ಕರಿ” ಅನ್ನುತ್ತಾರೆ. ಕ್ಲೀನ್ ಅಂದರೆ ಅವರ ಲೆಕ್ಕದಲ್ಲಿ ಉಸಿರು, ಕುರ್ಚಿಯ ಕಿರುಗುಡುವಿಕೆ, ಪಕ್ಕದ ಮನೆಯ ನಾಯಿ. ನಾನು ತೆಗೆಯುವುದು ನಡುಕ.

ಬಲಗೈ. ಉದ್ದ ಸ್ವರ ಬಂದರೆ ಕಮಾನು ತಂತಿಯ ಮೇಲೆ ಪುಟಿಯುತ್ತದೆ. ಆ ಜಾಗ ಕತ್ತರಿಸುತ್ತೇನೆ. ಹಳೆಯ ರೆಕಾರ್ಡಿಂಗುಗಳಲ್ಲಿ ಅದೇ ಸ್ವರ ಹುಡುಕಿ ತಂದು ಕೂರಿಸುತ್ತೇನೆ. ಹತ್ತು ವರ್ಷದ ಹಿಂದಿನ ಅಪ್ಪ ಹಾರ್ಡ್ ಡಿಸ್ಕಿನಲ್ಲಿದ್ದಾರೆ. ಗಟ್ಟಿ ಕೈ. ಆಮೇಲೆ ಕರೆಯುತ್ತೇನೆ.

“ನೋಡಿದ್ಯಾ? ಕೈ ನಡುಗಿದ್ರೇನು, ಕಮಾನಿಗೆ ಗೊತ್ತಾಗಲ್ಲ. ಹೇಗಿದೆ ಹೇಳು.”

“ಚೆನ್ನಾಗಿದೆ.”

ಸುಳ್ಳಲ್ಲ. ಚೆನ್ನಾಗಿಯೇ ಇತ್ತು. ನುಡಿಸಿದ್ದೂ ಅವರೇ... ಎಷ್ಟು ತಿರುಗಿಸಿ ಬರೆದರೂ ಸುಳ್ಳೇ.

ಮಾರ್ಚ್ 6

ಅಮ್ಮ ಹಾಲಿನ ಪಾತ್ರೆ ಹಿಡಿದು ಬಂದಳು. “ನಿಮ್ಮ ಸಂಗೀತಕ್ಕೆ ಇವತ್ತೂ ಹಾಲು ಒಡೀತು.”

“ಹಾಲು ಒಡೆದ್ರೆ ಇನ್ನೊಂದು ಪ್ಯಾಕೆಟ್ ಬರತ್ತೆ ಕಣೇ. ಟೇಕಿನ ಮಧ್ಯ ಫ್ರಿಜ್ಜು ಗೊರ್ ಅಂದ್ರೆ?”

ಊಟಕ್ಕೆ ಸೋದರಮಾವ ಇದ್ದ. ಮತ್ತೆ ಅದೇ ಪ್ರಶ್ನೆ, ಮಗಳನ್ನು ವಾಪಸ್ ಸ್ಕೂಲಿಗೆ ಕಳಿಸುವುದಿಲ್ಲವಾ ಎಂದು. ಅಪ್ಪ ನಕ್ಕರು. “‘ಕಾಪಿ ಹೊಡೆದಿದ್ದು ಅವನಲ್ಲ ಸಾರ್, ನಿಮ್ಮ ಮಗ’ ಅಂತ ಮೇಷ್ಟ್ರಿಗೇ ಹೇಳಿದೋಳು ಇವಳು. ಕ್ಷಮೆ ಕೇಳು ಅಂದಿದ್ದಕ್ಕೆ ಬ್ಯಾಗ್ ಎತ್ಕೊಂಡು ಬಂದ್ಲು. ನನಗೆ ಇಂಥ ಕಿವೀನೇ ಬೇಕು. ಊರೆಲ್ಲ ಹೊಗಳಲಿ, ಇವಳು ಚೆನ್ನಾಗಿದೆ ಅಂದ್ರೆ ಮಾತ್ರ ಚೆನ್ನಾಗಿದೆ.”

ನೀರು ಕುಡಿದೆ.

ಮಾರ್ಚ್ 11

ಹೋದ ಮಂಗಳವಾರದ ಹಾಡಿನ ಮ್ಯೂಸಿಕ್ ಡೈರೆಕ್ಟರಿಂದ ಮೇಲ್. ಕೊನೆಯ ಉದ್ದ ಸ್ವರ ತುಂಬಾ ಹಿಡಿಸಿದೆಯಂತೆ. ಹಾಡಿನ ಕೊನೆಯನ್ನೆಲ್ಲ ಪಿಟೀಲಿಗೇ ಬಿಡುತ್ತಾರಂತೆ. ಆದರೆ ಈ ಸಲ ವಿಡಿಯೋ ಕಾಲಿನಲ್ಲಿ — ಅವರು ಅಲ್ಲಿಂದ ಹೇಳುತ್ತಾ ಹೋಗುತ್ತಾರೆ, ಅಪ್ಪ ಇಲ್ಲಿ ನುಡಿಸಬೇಕು.

ಆ ಸ್ವರ ಹಾರ್ಡ್ ಡಿಸ್ಕಿನದು.

“ಬೇಡ ಅಪ್ಪ” ಅಂದೆ. ಯಾಕೆ ಅಂದರು. ಮೇಷ್ಟ್ರ ಮುಂದೆ ತೆರೆದ ಬಾಯಿ ತೆರೆಯಲಿಲ್ಲ.

ನಾಡಿದ್ದಿನ ಕಾಲಿಗೆ ಅಪ್ಪ ಈಗಲೇ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾರೆ. ಅಮ್ಮ, “ಹೆಣ್ಣು ನೋಡೋಕೆ ಹೊರಟ ಹಾಗಿದೆ!”

ಮಾರ್ಚ್ 13, ಮಧ್ಯಾಹ್ನ 3

ಮುಗಿಯಿತು.

ಮಾಮೂಲಿಗೆ ಅಪ್ಪನ ಹೆಡ್‌ಫೋನಿನಲ್ಲಿ ಹಾಡು ಮಾತ್ರ, ಅದೂ ಜೋರಾಗಿ. ಇವತ್ತು ಆ ಕಡೆಯಿಂದ ಹಾಡು, ಪಿಟೀಲು ಎರಡೂ ಸೇರಿ ವಾಪಸ್ ಬಂತು. ಉದ್ದ ಸ್ವರಕ್ಕೆ ಅಪ್ಪ ಕಮಾನು ಎಳೆದರು. ಮ್ಯೂಸಿಕ್ ಡೈರೆಕ್ಟರ್ ಅರ್ಧಕ್ಕೆ ನಿಲ್ಲಿಸಿದರು.

“ಸಾರ್, ನಿಮ್ಮ ಕಡೆ ನೆಟ್ ಪ್ರಾಬ್ಲಮ್ಮು. ಸೌಂಡು ಕಟ್ ಕಟ್ ಆಗ್ತಿದೆ. ಮೋಡೆಮ್ ಒಂದ್ಸಲ ಆಫ್ ಮಾಡಿ ಆನ್ ಮಾಡ್ತೀರಾ?”

ಅಪ್ಪ ನನ್ನ ಕಡೆ ನೋಡಿದರು. ಮೋಡೆಮಿನ ದೀಪ ಎಲ್ಲ ಹಸಿರು. ಆದರೂ ಬಗ್ಗಿ ಆಫ್ ಮಾಡಿದೆ. ಆನ್ ಮಾಡಿ ಕಾಲ್ ಜೋಡಿಸಿದೆ. ಮತ್ತೆ ನುಡಿಸಿದರು.

“ಇಲ್ಲ ಸಾರ್. ಇನ್ನೂ ಹಾಗೇ ಇದೆ.”

“ಹೌದು ಸಾರ್,” ಅಂದರು ಅಪ್ಪ. “ಇಲ್ಲಿ ನೆಟ್ ಸರಿಯಿಲ್ಲ. ಕ್ಷಮಿಸಿ.”

ಕಾಲ್ ಕಟ್ ಮಾಡಿ, ಹೆಡ್‌ಫೋನು ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ನೆಟ್ ಸರಿಯಾಗೇ ಇತ್ತು, ಅಲ್ವಾ?”

“ಹೂಂ.”

“ಎಷ್ಟು ದಿನದಿಂದ?”

ಹೇಳಿದೆ. ಎಲ್ಲ ಹೇಳಿದೆ.

“ಹಸಿ ಟೇಕ್ ಇಟ್ಟಿದೀಯಾ? ಹಾಕು.”

ಒಂದೊಂದಾಗಿ ಹಾಕಿದೆ. ಯಾವಾಗಲೂ ಕಣ್ಣು ಮುಚ್ಚಿ ಕೇಳುವವರು ಇವತ್ತು ತೆರೆದೇ ಇದ್ದರು. ನಡುವೆ ಒಮ್ಮೆ ಮಾತ್ರ ಕೇಳಿದರು. “ಇದಕ್ಕೂ ಚೆನ್ನಾಗಿದೆ ಅಂದಿದ್ಯಾ?”

ಅಂದಿದ್ದೆ.

ಮಾರ್ಚ್ 21

ಬರೆಯಲು ಕೈ ಬರಲಿಲ್ಲ. ಫ್ರಿಜ್ ಹಗಲೆಲ್ಲ ಓಡುತ್ತಿದೆ. ಆಫ್ ಮಾಡುವವರಿಲ್ಲ.

ನಮಗೆ ಹಾಡುಗಳ ಕೆಲಸ ಬರುವ ವೆಬ್‌ಸೈಟಿನಿಂದ ಅಪ್ಪ ಇವತ್ತು ತಮ್ಮ ಹೆಸರು ತೆಗೆಸಿದರು. ಮೌಸು ಒತ್ತಿದ್ದು ನಾನೇ. “ಜನ ಮೆಚ್ಚಿದ್ದು ನಿಮ್ಮನ್ನೇ ಅಲ್ವಾ ಅಪ್ಪ, ಆ ಸ್ವರ ಎಲ್ಲ ನಿಮ್ಮದೇ—”

“ಹಳೇ ನನ್ನನ್ನ ತಂದು ನನ್ನ ಕುರ್ಚೀಲಿ ಕೂರಿಸಿದೆ. ಈಗಿರೋನು ಎಲ್ಲಿ ಕೂತ್ಕೋಬೇಕು ಹೇಳು.”

ಅಡುಗೆಮನೆಯಿಂದ ಅಮ್ಮನ ದನಿ. “ಪ್ರೀತಿಗೆ ಮಾಡಿದಾಳೆ ರೀ.”

“ಗೊತ್ತು. ಅದಕ್ಕೇ ಬೈಯೋಕೂ ಆಗ್ತಿಲ್ಲ.”

ಮಾರ್ಚ್ 26

ಅಪ್ಪ ಬಾಗಿಲು ಹಾಕಿಕೊಂಡು ನುಡಿಸಿದರು. ಹೊರಗೆ ನಿಂತು ಕೇಳಿದೆ. ಮೊದಲರ್ಧ — ನಿಜವಾಗಿ ಚೆನ್ನಾಗಿತ್ತು. ಎಷ್ಟು ಚೆನ್ನಾಗಿ ಅಂದರೆ, ಅಲ್ಲಿ ಕತ್ತರಿಸಲು ಏನೂ ಇರಲಿಲ್ಲ.

ಹೊರಬಂದವರು ಹಳೆಯ ಅಭ್ಯಾಸಕ್ಕೆ ಕೇಳಿಬಿಟ್ಟರು. “ಹೇಗಿತ್ತು?”

“ಅರ್ಧದವರೆಗೆ ಚೆನ್ನಾಗಿತ್ತು. ಕೊನೆಗೆ ನಡುಗ್ತು.”

ಕೈಯಲ್ಲಿದ್ದ ಕಮಾನು ಮೇಜಿನ ಮೇಲಿಟ್ಟರು.

“ನಡುಗ್ತು ಅಂದಿದ್ದು ನಂಬ್ತೀನಿ. ಚೆನ್ನಾಗಿತ್ತು ಅಂದ್ಯಲ್ಲ... ಅದನ್ನ ನಂಬೋಕೆ ಆಗ್ತಿಲ್ಲ ಕಣಮ್ಮ.”

ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಜಗಳವಾಡುತ್ತಿದ್ದೆ.

ಮಾರ್ಚ್ 30, ಭಾನುವಾರ

ಚಿಕ್ಕಮ್ಮನ ಊರಿನ ಡಬ್ಬಿಂಗ್ ಸ್ಟುಡಿಯೋಗೆ ಎಡಿಟಿಂಗಿಗೆ ಜನ ಬೇಕಂತೆ. ಅಮ್ಮ ಅಪ್ಪನ ಮುಖ ನೋಡಿದಳು. ಬೇಡ ಅನ್ನಲಿ ಎಂದು ನಾನೂ ನೋಡಿದೆ.

“ಹೋಗ್ಲಿ. ನಾನೊಂದಿಷ್ಟು ದಿನ ಯಾರಿಗೋಸ್ಕರಾನೂ ಅಲ್ಲದೆ ನುಡಿಸ್ಕೋತೀನಿ. ಇವಳು ಬಾಗಿಲ ಹೊರಗೆ ನಿಂತಿದಾಳೆ ಅಂದ್ರೆ ಕೈ ಇನ್ನೂ ಜಾಸ್ತಿ ನಡುಗತ್ತೆ.”

ಬಟ್ಟೆ ಮಡಚಿಟ್ಟಿದ್ದೇನೆ. ಅಮ್ಮ ಚಾರ್ಜರ್ ಮರೀಬೇಡ ಅಂತ ಮೂರು ಸಲ ಹೇಳಿದಳು.

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.