ಅಣ್ಣ ‘ಹೂಂ’ ಅಂದದ್ದು ಯಾವುದಕ್ಕೆ?

ಹಿರಿಯ ನಾಗರಿಕರ ರಕ್ಷಣಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಅಣ್ಣನ ಮೇಲಿನ ದೌರ್ಜನ್ಯದ ದೂರನ್ನು ‘ಸಂತ್ರಸ್ತರೇ ನಿರಾಕರಿಸಿದ್ದಾರೆ’ ಎಂದು ಬರೆದು ಮುಚ್ಚಿದ್ದೀರಿ. ಕಿವಿ ಕೇಳದ ಮನುಷ್ಯನಿಂದ ಅಷ್ಟು ಸ್ಪಷ್ಟ ಹೇಳಿಕೆ ಪಡೆದ ನಿಮ್ಮ ಸಾಮರ್ಥ್ಯಕ್ಕೆ ಏನೆನ್ನಲಿ?

ಅಣ್ಣ ಬದುಕಿಡೀ ಬಸ್ಸು ಓಡಿಸಿದವನು. ಇಂಜಿನ್ನಿನ ಸದ್ದು ಅವನ ಕಿವಿ ತಿಂದುಹಾಕಿತು. ಕಿವಿಗೆ ಮೆಷಿನ್ ಹಾಕಿಕೊಂಡರೆ ಮಾತು ಚೆನ್ನಾಗಿಯೇ ಕೇಳುತ್ತದೆ. ಅತ್ತಿಗೆ ಹೋದ ಮೇಲೆ ಮಗನ ಮನೆಯ ಹಿಂದಿನ ಕೋಣೆ ಸೇರಿದ. ನಾನು ಹೋದಾಗಲೆಲ್ಲ “ಅಪ್ಪ ಮಲಗಿದಾರೆ ಅತ್ತೆ” ಎಂದು ಮಗ ಬಾಗಿಲಲ್ಲೇ ಸಾಗಹಾಕುತ್ತಿದ್ದ. ಒಂದು ದಿನ ನುಗ್ಗಿಯೇ ಬಿಟ್ಟೆ. ಒದ್ದೆ ಹಾಸಿಗೆ, ಮಣಿಕಟ್ಟಿನ ಸುತ್ತ ಕಪ್ಪಗಟ್ಟಿದ ಗುರುತು, ಬೆನ್ನಲ್ಲಿ ಹುಣ್ಣು. ಕಿವಿಯಲ್ಲಿ ಮೆಷಿನ್ ಇಲ್ಲ. ಅಂದೇ ನಿಮಗೆ ದೂರು ಕೊಟ್ಟೆ.

ನೀವು ಬಂದಿರಿ, ಮಗನಿಗೆ ಮುಂಚೆಯೇ ಫೋನ್ ಮಾಡಿ! ಅಷ್ಟರಲ್ಲಿ ಹಾಸಿಗೆಗೆ ಹೊಸ ಹೊದಿಕೆ ಬಿದ್ದಿತ್ತು, ಆ ಸೆಕೆಯಲ್ಲೂ ಅಣ್ಣನ ಮೈಮೇಲೆ ತುಂಬುತೋಳಿನ ಅಂಗಿ. ವಾಸನೆ ಮಾತ್ರ ಹೋಗಿರಲಿಲ್ಲ. ನೀವು ಕರವಸ್ತ್ರವನ್ನು ಮೂಗಿಗೊತ್ತಿ ಹೊಸ್ತಿಲಲ್ಲೇ ನಿಂತು, ಪಕ್ಕದಲ್ಲಿ ಮಗನನ್ನು ನಿಲ್ಲಿಸಿಕೊಂಡು ಕೇಳಿದಿರಿ:

“ಅಜ್ಜಾ, ಮಗ ಚೆನ್ನಾಗಿ ನೋಡ್ಕೊಳ್ತಾರಾ?”

ಅಣ್ಣ ಮಗನ ಮುಖ ನೋಡಿದ. “ಹೂಂ.”

“ಹೊಡೀತಾರಾ?”

“ಹೂಂ.”

“ಅಪ್ಪಂಗೆ ಮರೆವು ಸಾರ್, ಎಲ್ಲದಕ್ಕೂ ಹೂಂ ಅಂತಾರೆ” ಅಂದ ಮಗ. ನೀವು ನಕ್ಕಿರಿ. “ಅವನಿಗೆ ಕೇಳಿಸ್ತಿಲ್ಲ ಸಾರ್, ಮೆಷಿನ್ ಎಲ್ಲಿ ಅಂತ ವಿಚಾರಿಸಿ” ಎಂದು ನಾನು ಅಂಗಲಾಚಿದರೆ, “ಮನೆ ವಿಷಯ ಬೀದಿಗೆ ತರಬೇಡಿ ಅಮ್ಮಾ” ಎಂದು ನನಗೇ ಬುದ್ಧಿ ಹೇಳಿದಿರಿ.

ಮೊದಲ ‘ಹೂಂ’ ಹೇಳಿಕೆಯಾಯಿತು, ಎರಡನೆಯದು ಮರೆವಾಯಿತು. ಇದು ಯಾವ ಸೀಮೆಯ ವಿಚಾರಣೆ ಸ್ವಾಮಿ? ಆ ಕೋಣೆಯ ವಾಸನೆಯನ್ನಾದರೂ ಸಹಿಸಬಹುದು, ನಿಮ್ಮ ವರದಿಯ ನುಣುಪು ಭಾಷೆ ಓದಿದರೆ ವಾಕರಿಕೆ ಬರುತ್ತದೆ.

ನೀವು ಹೋದ ಮೇಲೆ ಮಗನ ಜೊತೆ ಜಗಳಕ್ಕೇ ನಿಂತೆ. ಕಪಾಟಿನಿಂದ ಮೆಷಿನ್ ತೆಗೆದು ಎಸೆದ. “ಇದಿದ್ರೆ ಎಲ್ಲದಕ್ಕೂ ಎದುರು ಮಾತಾಡ್ತಾರೆ ಅತ್ತೆ!” ಬಾಗಿಲು ಹಾಕಿ ಅಣ್ಣನ ಕಿವಿಗೆ ಸಿಕ್ಕಿಸಿದೆ.

“ಬಂದಿದ್ದು ಯಾರೇ?” ಅಂದ.

“ಅಧಿಕಾರಿ ಅಣ್ಣಾ. ನಿನ್ನ ಕಷ್ಟ ಕೇಳೋಕೆ.”

“ಹೌದಾ? ಮನೆ ಬಾಡಿಗೆಗೆ ನೋಡೋಕೆ ಬಂದೋರು ಅನ್ಕೊಂಡೆ.” ಆಮೇಲೆ ಮೆಲ್ಲಗೆ ಅಂಗಿಯ ತೋಳು ಮಡಿಸಿದ. “ಮಂಚಕ್ಕೆ ಕಟ್ಹಾಕ್ತಾನೆ ಕಣೇ. ನನ್ನ ಕರ್ಕೊಂಡು ಹೋಗು.”

ಕರೆದುಕೊಂಡು ಬಂದೆ. ಹುಣ್ಣು ಮಾಯುತ್ತಿದೆ. ಯಾರಾದರೂ ಬಾಗಿಲು ತಳ್ಳಿದರೆ ಈಗಲೂ ಬೆಚ್ಚಿಬೀಳುತ್ತಾನೆ.

ನನ್ನ ಬೇಡಿಕೆ ಇಷ್ಟೇ. ಆ ವರದಿ ರದ್ದಾಗಲಿ, ಮಗನ ಮೇಲೆ ಪ್ರಕರಣ ದಾಖಲಾಗಲಿ. ಹೇಳದೆ ಕೇಳದೆ ನಮ್ಮ ಮನೆಗೆ ಬನ್ನಿ. ನನ್ನನ್ನೂ ಹೊರಗೆ ಕಳಿಸಿ, ಅವನೆದುರು ಕುಳಿತು, ಅವನೊಬ್ಬನನ್ನೇ ಕೇಳಿ. ನಾನು ಹೇಳಿದ್ದನ್ನೂ ನಂಬಬೇಡಿ.

ಇಂತಿ,
ಇನ್ನು ಕೆಲವೇ ವರ್ಷಗಳಲ್ಲಿ ನಿಮ್ಮ ವಿಚಾರಣೆಗೆ ಸಿಗಲಿರುವ
ಒಬ್ಬ ತಂಗಿ