ಪ್ರಾರ್ಥನೆ ಮುಗಿಯಲೆಂದು ನಿಂತ ಗಾಡಿ

ಪ್ರೀತಿಯ ನ್ಯಾಗೊಂಡ್ವೆ ಅಮ್ಮನವರಿಗೆ,

ನಿಮ್ಮ ಮಗಳು ತವೊಂಗಾ ಆಸ್ಪತ್ರೆಯಲ್ಲಿ ತೀರಿಕೊಳ್ಳಲಿಲ್ಲ. ದಾರಿಯಲ್ಲಿ, ಹಳ್ಳ ದಾಟಿ ಏರು ಹತ್ತುವಾಗ, ನನ್ನ ಬೆನ್ನ ಹಿಂದೆ ತೀರಿಕೊಂಡಳು. ಆ ದಿನ ಆಸ್ಪತ್ರೆಯಲ್ಲಿ ಎದುರು ಬಂದ ನರ್ಸನ್ನೂ ನನ್ನನ್ನೂ ಬಿಟ್ಟರೆ ಇದು ಯಾರಿಗೂ ಗೊತ್ತಿಲ್ಲ.

ಇದನ್ನು ಎದುರಿಗೆ ಕೂತು ಹೇಳಬೇಕಾಗಿತ್ತು. ಮೊನ್ನೆ ನಿಮ್ಮ ಅಂಗಳದವರೆಗೂ ಬಂದೆ. ನೀವು ಮೊಮ್ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಕುಂಬಳದ ಸೊಪ್ಪಿನ ನಾರು ಬಿಡಿಸುತ್ತಿದ್ದಿರಿ. ಆ ಮಗು ನನ್ನ ಕಡೆ ನೋಡಿ ನಕ್ಕಿತು. ನಾನು ಸುಮ್ಮನೆ ಹಿಂದಿರುಗಿದೆ. ನನ್ನ ಕೈಬರಹ ನಿಮಗೆ ಗೊತ್ತಲ್ಲ, ಕೋಳಿ ಕೆದರಿದ ಹಾಗೆ. ಸಹಿಸಿಕೊಂಡು ಓದಿ.

ಶಾಲೆ ಬಿಟ್ಟು ಹಿಟ್ಟಿನ ಗಿರಣಿಯ ಮುಂದೆ ಅಲೆಯುತ್ತಿದ್ದ ನನ್ನನ್ನು ಹಿಡಿದು ಚರ್ಚಿನ ಮಂಚಗಾಡಿಗೆ ಕಟ್ಟಿದವರು ನೀವು. ಸೈಕಲ್ಲಿನ ಹಿಂದೆ ಎರಡು ಚಕ್ರ, ಮೇಲೆ ರೋಗಿ ಮಲಗಲು ಹಾಸಿಗೆ, ಬಿಸಿಲಿಗೆ ಒಂದು ತುಂಡು ಟಾರ್ಪಾಲು. ಅದಕ್ಕಾಗಿ ಮಹಿಳಾ ಸಂಘದವರನ್ನೆಲ್ಲ ಕರೆದುಕೊಂಡು ಒಂದು ಇಡೀ ಬೇಸಿಗೆ ಮನೆ ಮನೆ ತಿರುಗಿದವರೂ ನೀವೇ. "ಬೆಂಚಿನ ಮೇಲೆ ಕೂರೋಕಾಗ್ದಿದ್ರೆ ಸೀಟಿನ ಮೇಲಾದ್ರೂ ಕೂತ್ಕೋ, ಲುಸುಂಗು" ಅಂದಿರಿ. ಗಿರಣಿಯ ಹುಡುಗರು ನನಗೆ ಪೆಡಲ್ ಡಾಕ್ಟರ್ ಎಂದು ಹೆಸರಿಟ್ಟರು. ನನಗೆ ಸಿಟ್ಟು ಬರಲಿಲ್ಲ. ಅದುವರೆಗೆ ಯಾರೂ ನನಗೆ ಯಾವ ಹೆಸರನ್ನೂ ಇಟ್ಟಿರಲಿಲ್ಲ.

ಆ ದಿನದ ಸಂಗತಿ. ತವೊಂಗಾಳ ಹೆರಿಗೆ ಮನೆಯಲ್ಲೇ ಆಯಿತು, ಮಗು ಚೆನ್ನಾಗಿತ್ತು, ಅವಳ ರಕ್ತ ನಿಲ್ಲಲಿಲ್ಲ. ನಾಲ್ಕು ಹೆಂಗಸರು ಅವಳನ್ನು ಚಾಪೆಯಲ್ಲಿ ಹೊತ್ತು ಚರ್ಚಿನ ಅಂಗಳಕ್ಕೆ ತಂದರು. ನಾನು ಗಾಡಿ ಜೋಡಿಸಿ, ಒಂದು ಕಾಲು ಪೆಡಲಿನ ಮೇಲಿಟ್ಟು ನಿಂತಿದ್ದೆ. ಪ್ರಾರ್ಥನೆ ಆಗದೆ ಯಾವ ಪ್ರಯಾಣವೂ ಆ ಅಂಗಳದಿಂದ ಹೊರಡುವುದಿಲ್ಲ ಎಂಬುದು ನಮ್ಮಲ್ಲಿ ಯಾರೂ ಬರೆದಿಡದ ನಿಯಮ. ಚರ್ಚಿನ ಹಿರಿಯರಾದ ಕೊಂಡೊವೆ ಪ್ರಾರ್ಥಿಸಿದರು. ದೇಶಕ್ಕಾಗಿ, ಮಳೆಗಾಗಿ, ಪ್ರಯಾಣಿಕರಿಗಾಗಿ ಎಲ್ಲ ಬೇಡಿಕೊಂಡ ಮೇಲೆ ತವೊಂಗಾಳ ಸರದಿ ಬಂತು. ಆಮೇಲೆ ಸಂಘದವರು ಒಂದು ಕೀರ್ತನೆ ಹಾಡಿದರು. ಅದು ಮುಗಿಯಿತೆಂದು ನಾನು ಪೆಡಲು ಒತ್ತಿದೆ. ನೀವು ಕೈಯೆತ್ತಿ ಇನ್ನೊಂದು ಹಾಡು ಶುರು ಮಾಡಿದಿರಿ. ಕಣ್ಣು ಮುಚ್ಚಿಕೊಂಡಿದ್ದಿರಿ. ನೀವು ದೇವರ ಕಾಲು ಹಿಡಿದಿದ್ದಿರಿ ಎಂದು ನನಗೆ ಗೊತ್ತಿತ್ತು. ಆದರೆ ನಾನು ಕಣ್ಣು ಮುಚ್ಚಿರಲಿಲ್ಲ, ಹಾಸಿಗೆಯ ಕೆಳಗೆ ಮಣ್ಣು ಒದ್ದೆಯಾಗುವುದನ್ನು ನೋಡುತ್ತಿದ್ದೆ.

ಹೊರಟ ಮೇಲೆ ನೀವೆಲ್ಲ ನಡೆದು ಬರುತ್ತಾ ಬಹಳ ಹಿಂದುಳಿದಿರಿ. ಹಳ್ಳದವರೆಗೂ ತವೊಂಗಾ ಮಾತಾಡುತ್ತಿದ್ದಳು. "ನಿಧಾನ ಹೋಗೋ ಮಾರಾಯ, ನಾನೇನು ಗೆಣಸಿನ ಮೂಟೆನಾ" ಅಂದಳು. ಅದೇ ಅವಳ ಕೊನೆಯ ಮಾತು, ನಿಮಗೆ ಸೇರಬೇಕಾದದ್ದು. ಇಷ್ಟು ದಿನ ನಾನು ಇಟ್ಟುಕೊಂಡಿದ್ದೆ. ಏರಿನಲ್ಲಿ ಇಳಿದು ತಳ್ಳುವಾಗ ಅವಳ ಕೈ ಕಂಬಿಯಿಂದ ಜಾರಿ ಚಕ್ರಕ್ಕೆ ತಗುಲಿತು. ಎತ್ತಿ ಎದೆಯ ಮೇಲಿಟ್ಟೆ. ಆಗ ತಿಳಿಯಿತು.

ಹೆಣ ಹೊತ್ತ ಗಾಡಿ ಇನ್ನೊಂದು ಹೆಣವನ್ನು ಕರೆಯುತ್ತದೆ ಎನ್ನುತ್ತಾರೆ ನಮ್ಮವರು. ತವೊಂಗಾ ದಾರಿಯಲ್ಲಿ ಸತ್ತಳೆಂದು ಒಬ್ಬರಿಗೆ ತಿಳಿದರೆ ಸಾಕು, ಆಮೇಲೆ ಯಾವ ಗರ್ಭಿಣಿಯೂ ಅದರ ಮೇಲೆ ಮಲಗುವುದಿಲ್ಲ, ಗೋಡೆಗೆ ಒರಗಿ ತುಕ್ಕು ಹಿಡಿಯುತ್ತದೆ. ಹಾಗಾಗಿ ಅವಳ ಮುಖಕ್ಕೆ ಬಟ್ಟೆ ಮುಚ್ಚಲಿಲ್ಲ, ಬಿಸಿಲಿಗೆ ಎಂಬಂತೆ ಟಾರ್ಪಾಲು ಎಳೆದೆ. ಉಳಿದ ದಾರಿಯುದ್ದಕ್ಕೂ ಅವಳ ಜೊತೆ ಮಾತಾಡುತ್ತಾ ಹೋದೆ. ಜೋಳದ ಹೊಲದಲ್ಲಿ ಗುದ್ದಲಿ ಹಿಡಿದಿದ್ದ ಹೆಂಗಸರು ಹೇಗಿದ್ದಾಳೆ ಎಂದು ಕೇಳಿದರು. ನಿದ್ದೆ ಬಂದಿದೆ ಎಂದೆ. ಅವರನ್ನು ದಾಟಿದ ಮೇಲೆ ಗಿರಣಿಯ ಹುಡುಗರ ಒಂದು ಪೋಲಿ ಜೋಕನ್ನೂ ಅವಳಿಗೆ ಹೇಳಿದೆ. ಬದುಕಿದ್ದರೆ ಕಪಾಳಕ್ಕೆ ಹೊಡೆಯುತ್ತಿದ್ದಳು. ಯಾರಿಗೂ ಹೇಳಬೇಡಿ ಎಂದು ನರ್ಸನ್ನು ಬೇಡಿಕೊಂಡೆ. ಆಸ್ಪತ್ರೆಯ ಬಾಗಿಲಲ್ಲಿ ನೀವು ಏದುಸಿರು ಬಿಡುತ್ತಾ ಬಂದು ಕೇಳಿದಾಗ, ಒಳಗೆ ಕರೆದುಕೊಂಡು ಹೋದರು ಎಂದೆ. ನಿಮಗೆ ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ.

ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ, ಕಳೆದ ಭಾನುವಾರದ ಸಭೆಗಾಗಿ. ಗಾಡಿಯನ್ನು ಬಿಟ್ಟುಬಿಡೋಣ ಎಂದು ಪಾಸ್ಟರ್ ಮ್ಹಾಂಗೊ ಹೇಳಿದ್ದನ್ನು ನೀವೆಲ್ಲ ದುಷ್ಟತನ ಎಂದುಕೊಂಡಿರಿ. ನನಗೆ ಹಾಗೆ ಅನ್ನಿಸಲಿಲ್ಲ. "ನಾವು ತುಳೀತಿರೋವರ್ಗೂ ಸರ್ಕಾರ ಮಲಗಿರುತ್ತೆ. ಆಂಬುಲೆನ್ಸಿಗೆ ಫೋನ್ ಮಾಡಿದ್ರೆ ನಿಮ್ಮ ಹತ್ರ ಗಾಡಿ ಇದೆಯಲ್ಲ ಅಂತಾರೆ" ಎಂದರು. ನಿಜ. ಆ ಉತ್ತರವನ್ನು ನಾನೇ ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ. ಚರ್ಚಿನ ಕೆಲಸ ವಾಕ್ಯ ಸಾರುವುದು, ಗಾಡಿ ಎಳೆಯುವುದಲ್ಲ ಎಂದೂ ಹೇಳಿದರು. ಅದನ್ನು ತೂಗಿ ನೋಡುವಷ್ಟು ನಾನು ಓದಿಲ್ಲ. ಚರ್ಚು ಇಂಥ ಕೆಲಸ ಮಾಡಬೇಕೋ ಬಾರದೋ ಎಂದು ಏರು ಹತ್ತುವಾಗಲೆಲ್ಲ ಯೋಚಿಸಿದ್ದೇನೆ. ಮಾಡುವವರು ಬೇರೆ ಯಾರೂ ಇಲ್ಲದ ಕಡೆ ಈ ಪ್ರಶ್ನೆಯೇ ಒಂದು ಐಷಾರಾಮ ಅನ್ನಿಸಿ ಸುಸ್ತಾಗಿದೆ.

ಆಗ ನೀವು ಎದ್ದು ನಿಂತಿರಿ. ನನ್ನ ಮಗಳು ಈ ಗಾಡಿಯಿಂದಾಗಿ ಡಾಕ್ಟರ ಕೈಯಲ್ಲಿ ಕಣ್ಣು ಮುಚ್ಚಿದಳು, ಕಾಡುದಾರಿಯಲ್ಲಲ್ಲ ಎಂದಿರಿ. ಎಲ್ಲರೂ ಅತ್ತರು. ಆಮೇಲೆ ಪಾಸ್ಟರಿಗೂ ಒಪ್ಪಿಗೆಯಾಗುವಂಥ ದಾರಿಯನ್ನು ನೀವೇ ತೋರಿಸಿದಿರಿ: ಗಾಡಿ ಇರಲಿ, ಆದರೆ ಅದು ಚರ್ಚಿನದೆಂದು ತಿಳಿಯುವ ಹಾಗೆ ರೋಗಿಯನ್ನು ಎತ್ತುವ ಮೊದಲು ಕಡ್ಡಾಯವಾಗಿ ವಾಕ್ಯ, ಹಾಡು, ಪ್ರಾರ್ಥನೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಕಂಡದ್ದು ಒದ್ದೆ ಮಣ್ಣು.

"ಮೊದ್ಲು ಗಾಡಿ ಹೊರಡ್ಲಿ, ಪ್ರಾರ್ಥನೆ ಹಿಂದಿನಿಂದ ಬರ್ಲಿ. ದೇವ್ರಿಗೆ ನನಗಿಂತ ಜೋರಾದ ಕಾಲಿದೆ" ಎಂದೆ. "ಶಾಲೆ ಬಿಟ್ಟೋನು ದೇವ್ರಿಗೆ ಪಾಠ ಮಾಡ್ತಾನೆ ನೋಡಿ" ಎಂದು ಕೊಂಡೊವೆ ನಗಿಸಿದರು. ಕಾಯುವೆನೆಂದು ಒಪ್ಪಿಕೊಳ್ಳಬೇಕು, ಇಲ್ಲವೇ ಗಾಡಿಯ ಬೀಗದ ಕೀಲಿ ಕೊಡಬೇಕು ಎಂದರು ಪಾಸ್ಟರ್. ಕೀಲಿಯನ್ನು ಮೇಜಿನ ಮೇಲಿಟ್ಟೆ. ನೀವು ನನ್ನತ್ತ ನೋಡಲಿಲ್ಲ.

ಇನ್ನು ಕೊಂಡೊವೆಯವರ ಅಳಿಯ ಗಾಡಿ ತುಳಿಯುತ್ತಾನೆ. ಒಳ್ಳೆಯವನು, ಗಟ್ಟಿ ಕಾಲಿನವನು, ಹೇಳಿದ್ದನ್ನು ಕೇಳುತ್ತಾನೆ. ನನಗಿರುವ ಭಯ ಅದೇ.

ಅಮ್ಮ, ಆ ಎರಡು ಹಾಡುಗಳ ಹೊತ್ತು ಸಿಕ್ಕಿದ್ದರೆ ತವೊಂಗಾ ಉಳಿಯುತ್ತಿದ್ದಳೋ ಏನೋ ನನಗೆ ಗೊತ್ತಿಲ್ಲ. ನರ್ಸನ್ನು ಕೇಳಿದೆ, ಅವರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ಮುಂದಿನವಳು ಚಾಪೆಯಲ್ಲಿ ಬರುತ್ತಾಳೆ, ಯಾರದೋ ಮಗಳು. ಆ ನಿಯಮವನ್ನು ತೆಗೆಸುವ ಶಕ್ತಿ ಇರುವುದು ನಿಮಗೊಬ್ಬರಿಗೇ. ನಾನು ಹೇಳಿದರೆ ನಗುತ್ತಾರೆ, ನೀವು ಹೇಳಿದರೆ ಎದ್ದು ನಿಲ್ಲುತ್ತಾರೆ. ಅವಳು ಎಲ್ಲಿ ತೀರಿಕೊಂಡಳೆಂದು ಹೇಳಬೇಡಿ, ಗಾಡಿ ಸಾಯುತ್ತದೆ. ಮೊದಲು ಹೊರಡಲಿ ಎಂದಷ್ಟೇ ಹೇಳಿ. ಯಾಕೆ ಎಂದು ಕೇಳಿದರೆ ತಾಯಿ ಹೇಳುತ್ತಿದ್ದಾಳೆ ಎನ್ನಿ. ಹೀಗೆ ಅರ್ಧ ನಿಜ ಹೇಳಿಸುವುದು ನನಗೂ ಇಷ್ಟವಿಲ್ಲ. ಇಡೀ ನಿಜ ಹೇಳುವುದಿದ್ದರೂ ನಾನು ತಡೆಯುವವನಲ್ಲ. ಮಗಳು ನಿಮ್ಮವಳು.

ನನ್ನ ಮೇಲೆ ಸಿಟ್ಟಿದ್ದರೆ ಇರಲಿ. ನಿಮ್ಮ ಮಂಡಿನೋವು ಕಡಿಮೆಯಾಗಲಿ, ಮನೆಯಲ್ಲಿ ಕಾಳಿಗೆ ಕೊರತೆ ಬಾರದಿರಲಿ, ದೇವರು ನಿಮ್ಮ ಮಾತನ್ನು ಕೇಳುವವನೇ ಆಗಿರಲಿ. ನಾನು ನಾಳೆ ಬೆಳಿಗ್ಗೆ ಮರ ಸಾಗಿಸುವ ಲಾರಿಯಲ್ಲಿ ಮುಜೂಜು ಪಟ್ಟಣಕ್ಕೆ ಹೊರಡುತ್ತಿದ್ದೇನೆ.

ನಿಮ್ಮ,
ಲುಸುಂಗು