ಇಬ್ಬರೇ ಇದ್ದ ಮನೆ

ಉಣಕಲ್, ಹುಬ್ಬಳ್ಳಿ
೬ ಫೆಬ್ರವರಿ ೨೦೨೫, ಗುರುವಾರ ಸಂಜೆ

ತಿರುಚ್ಚಿಯ ಬಿಸಿಲಲ್ಲಿ ಬೇಯುತ್ತಿರುವ ನನ್ನ ಮುದ್ದು ವಿಶಾಲ ರಾಯರಿಗೆ,

ಹೇಗಿದ್ದೀರಿ? ಆ ಹಾಳು ಕೆಮ್ಮು ಬಿಟ್ಟಿತೇ? ಹಾಸ್ಟೆಲಿನ ಅನ್ನ-ಸಾಂಬಾರು ಹೊಟ್ಟೆಗೆ ಒಗ್ಗಿತೇ, ಇಲ್ಲ ಈಗಲೂ ಬಿಸ್ಕೀಟು ತಿಂದು ಮಲಗುತ್ತೀರಾ? ಕೈಯ ಮೆಹಂದಿ ಮಾಸುವ ಮೊದಲೇ ನಿಮ್ಮನ್ನು ತರಬೇತಿಗೆ ಎಳೆದುಕೊಂಡು ಹೋದ ರೈಲ್ವೆಯವರಿಗೆ ನಾನು ದಿನಾ ಹಲ್ಲುಜ್ಜುವಾಗಲೇ ಶಾಪ ಹಾಕುತ್ತೇನೆ. ನಿಮ್ಮ ಹಸಿರು ಸ್ವೆಟರ್ ನನ್ನ ದಿಂಬಿನ ಕೆಳಗಿದೆ, ಹುಡುಕಬೇಡಿ. ಫೋನಿದ್ದೂ ಇದೇನು ಪತ್ರ ಎಂದು ನಗುತ್ತಿರಬೇಕು. ಫೋನಿನಲ್ಲಿ ನಾನು ಬಾಯಿ ತೆರೆದರೆ ಸಾಕು, ‘ಶಾಂಭವಿ, ನೀ ಭಾಳ ಸಿನೆಮಾ ನೋಡ್ತಿ’ ಎಂದು ಮಾತು ಮುಗಿಸಿಬಿಡುತ್ತೀರಿ. ಪತ್ರದ ನಡುವೆ ನೀವು ಬಾಯಿ ಹಾಕಲಾರಿರಿ! ಇಂಗ್ಲಿಷಿನಲ್ಲಿ ಬರೆಯಲು ಕೂತೆ; ಆ ಭಾಷೆಯಲ್ಲಿ ನಿಮ್ಮ ಅವ್ವನ ಬಗ್ಗೆ ಬರೆದದ್ದು ಕಂಪ್ಲೇಂಟ್ ಅರ್ಜಿಯಂತೆ ಕಂಡಿತು. ಅದಕ್ಕೇ ಕನ್ನಡ. ತಪ್ಪು ಕಂಡಲ್ಲೆಲ್ಲ ಒಂದೊಂದು ಮುತ್ತಿನ ದಂಡ ಹಾಕಿ, ನೀವು ಬಂದ ಮೇಲೆ ಕಟ್ಟುತ್ತೇನೆ.

ಹೌದು, ಅತ್ತೆಯ ಬಗ್ಗೆಯೇ. ಮದುವೆಗೆ ಮೊದಲು ಕೆರೆಯ ದಂಡೆಯ ಮೇಲೆ ಕೂತು ನೀವು ಎಲ್ಲವನ್ನೂ ಹೇಳಿದ್ದಿರಿ: ನಿಮ್ಮ ಚಿಕ್ಕಪ್ಪನ ಹೆಂಡತಿ, ಕಾಕೂ ದ್ರಾಕ್ಷಾಯಿಣಿ, ಅತ್ತೆ ಕೊಟ್ಟ ಹಾಲು ಕುಡಿದು ಮಲಗಿದವರು ಬೆಳಗಾಗುವುದರಲ್ಲಿ ತೀರಿಹೋದದ್ದು, ಮನೆಯಲ್ಲಿ ಇದ್ದವರು ಅವರಿಬ್ಬರೇ ಎಂಬುದನ್ನೇ ಹಿಡಿದು, ಆಸ್ತಿಗಾಗಿ ವಿಷ ಹಾಕಿದಳೆಂದು ಅತ್ತೆಗೆ ಜೀವಾವಧಿ ಆದದ್ದು, ಹೊಟ್ಟೆಯಲ್ಲಾಗಲಿ ಲೋಟದಲ್ಲಾಗಲಿ ವಿಷವೇ ಸಿಕ್ಕಿಲ್ಲ, ಇದು ಹಾವು ಕಡಿದ ಸಾವು ಎಂದು ಒಂಬತ್ತು ವರ್ಷದ ಮೇಲೆ ಹೈಕೋರ್ಟು ಅವರನ್ನು ಬಿಡುಗಡೆ ಮಾಡಿದ್ದು. ನಾನು ಅತ್ತು ನಿಮ್ಮ ಕರ್ಚೀಫು ಒದ್ದೆ ಮಾಡಿ, ‘ಅವರನ್ನ ನನ್ನ ಅಮ್ಮನಂಗ ನೋಡ್ಕೋತೇನಿ’ ಎಂದಿದ್ದೆ. ಕೆರೆಯ ದಂಡೆಯಲ್ಲಿ, ನೀವು ಕೈ ಹಿಡಿದಿದ್ದಾಗ, ಯಾರನ್ನಾದರೂ ನಂಬಬಹುದು. ನೀವಿಲ್ಲದ ಮನೆಯ ಅಡುಗೆಕೋಣೆಯಲ್ಲಿ ನನಗೆ ಅದು ಆಗಲಿಲ್ಲ.

ನೀವು ರೈಲು ಹತ್ತಿದ ಮರುದಿನದಿಂದ ನೋಡುತ್ತಿದ್ದೇನೆ. ಅತ್ತೆ ನನ್ನ ತಟ್ಟೆಗೆ ಏನನ್ನೂ ಬಡಿಸುವುದಿಲ್ಲ. ರೊಟ್ಟಿ ಬುಟ್ಟಿಯಲ್ಲಿಟ್ಟು, ಪಲ್ಯದ ಪಾತ್ರೆ ಸರಿಸಿ, ಕೈ ಹಿಂದೆ ತೆಗೆದುಕೊಳ್ಳುತ್ತಾರೆ. ಎಲ್ಲದರಲ್ಲೂ ಮೊದಲ ತುತ್ತು ತಾವೇ ತಿನ್ನುತ್ತಾರೆ, ಅದೂ ನನ್ನ ಮುಖ ನೋಡಿ ಅಲ್ಲ, ಪಕ್ಕದ ಮನೆಯ ಹಾಜರಾಬಿಯ ಮುಖ ನೋಡಿ. ಹಾಂ, ಆ ಹಾಜರಾಬಿ! ನಾವು ಉಣ್ಣುವ ಹೊತ್ತಿಗೆ ಸರಿಯಾಗಿ ಎಲೆ-ಅಡಿಕೆ ಡಬ್ಬಿ ಹಿಡಿದು ಪ್ರತ್ಯಕ್ಷ. ‘ನಿಮ್ಮನ್ಯಾಗ ಅಡಗಿ ಆಗಿಲ್ಲೇನ್ರಿ?’ ಎಂದರೆ ‘ಉಣ್ಣಾಕ ಬಂದಿಲ್ಲ ಬೇಟಿ, ನೀ ಉಣ್ಣೂದು ನೋಡಾಕ ಬಂದೇನಿ, ಭಾಳ ಚಂದ ಉಣ್ತಿ’ ಎಂದು ಗಲ್ಲ ಹಿಂಡುತ್ತಾರೆ. ನಕ್ಕೆ, ಆದರೆ ಆಮೇಲೆ ಅದೇ ಕೊರೆಯಿತು. ಯಾಕೆ ನೋಡಬೇಕು? ಕಳೆದ ವಾರ ನನಗೆ ಜ್ವರ ಬಂದಾಗಲೂ ಅತ್ತೆ ಕೋಣೆಯ ಹೊಸ್ತಿಲು ದಾಟಲಿಲ್ಲ. ಅಲ್ಲೇ ನಿಂತು ‘ಹಾಜರಾಬೀ, ಲಗೂ ಬಾರಬೇ’ ಎಂದು ಕೂಗಿದರು. ಗಂಜಿ ಕುಡಿಸಿದ್ದು, ಮಾತ್ರೆ ಕೊಟ್ಟದ್ದು ಎಲ್ಲ ಹಾಜರಾಬಿಯೇ.

ಬಾಗಲಕೋಟೆಯಿಂದ ಅಮ್ಮ ಬೇರೆ ದಿನಾ ಫೋನ್ ಮಾಡಿ, ‘ಕೋರ್ಟ್ ಬಿಟ್ಟ್ರೇನಾತವಾ, ಆಕಿ ಕೈಯಾಗಿನ ನೀರೂ ಕುಡೀಬ್ಯಾಡ’ ಎನ್ನುತ್ತಿದ್ದಳು. ಅವಳ ಮೇಲೆ ಸಿಟ್ಟಾಗುತ್ತಿದ್ದೆ, ಫೋನ್ ಇಟ್ಟ ಮೇಲೆ ಲೋಟ ಮೂಸಿ ನೋಡುತ್ತಿದ್ದೆ. ಮಂಗಳವಾರ ಇನ್ನೂ ಮುಂದೆ ಹೋದೆ. ಹಾಜರಾಬಿ ಬಾಗಿಲಲ್ಲಿ ಯಾರೊಡನೆಯೋ ಮಾತಿಗೆ ನಿಂತಿದ್ದರು. ಅತ್ತೆ ಎರಡು ಕಪ್ಪು ಚಹಾ ಇಟ್ಟು ಆ ಕಡೆ ತಿರುಗಿದಾಗ ನಾನು ಕಪ್ಪು ಅದಲುಬದಲು ಮಾಡಿದೆ. ಅವರು ನೋಡಿಬಿಟ್ಟರು. ನನಗಿಟ್ಟ ಚಹಾ ಪೂರ್ತಿ ಕುಡಿದು, ‘ನಂದರಾಗ ಸಕ್ಕರಿ ಇಲ್ಲವಾ, ಹಾಕ್ಕೋ’ ಎಂದು ಡಬ್ಬಿ ಕೊಟ್ಟರು. ಅವರಿಗೆ ಸಕ್ಕರೆ ಕಾಯಿಲೆ ಎಂಬುದು ಆಗ ನೆನಪಾಯಿತು. ನಾಚಿಕೆಯಾಗಬೇಕಿತ್ತಲ್ಲವೇ? ನನಗೆ ಹೆದರಿಕೆ ಹೆಚ್ಚಾಯಿತು. ಸೊಸೆ ಹೀಗೆ ಮಾಡಿದರೂ ಸಿಟ್ಟಾಗದವರು ಒಳಗೆ ಏನಿಟ್ಟುಕೊಂಡಿರಬಹುದು? ನಿಮಗೆ ಹೇಳದೆ ಅಮ್ಮನಿಗೆ ಫೋನ್ ಮಾಡಿ, ಶನಿವಾರ ಅಣ್ಣನನ್ನು ಕಾರು ಕೊಟ್ಟು ಕಳಿಸು, ನಾನು ಬಂದುಬಿಡುತ್ತೇನೆ ಎಂದೆ.

ನಿನ್ನೆ ಗದಗಿನಲ್ಲಿ ಹಾಜರಾಬಿಯ ಮಗಳಿಗೆ ಹೆರಿಗೆ ನೋವು ಬಂತು. ರವಿವಾರದವರೆಗೆ ಅವರು ಅಲ್ಲೇ. ಇವತ್ತು ಎದ್ದರೆ ಅಡುಗೆ ಮಾಡಿ ಮುಚ್ಚಿಟ್ಟಿದೆ, ಬಾಗಿಲು ಹಾರುಹೊಡೆದಿದೆ, ಅತ್ತೆ ಹೊರಗೆ ಕಟ್ಟೆಯ ಮೇಲೆ ಕೂತಿದ್ದಾರೆ. ಮಧ್ಯಾಹ್ನವಾಯಿತು, ಬಿಸಿಲು ಮೈಮೇಲೆ ಬಂತು, ಒಳಗೆ ಬರಲಿಲ್ಲ. ಹೋಗಿ ಬರುವವರನ್ನೆಲ್ಲ ಕರೆಯುತ್ತಾರೆ: ‘ಗುರುಶಿದ್ದಪ್ಪಾ, ನಾ ಇಲ್ಲೇ ಕುಂತೇನಿ ನೋಡಪಾ.’ ಹಾಲಿನ ಗುರುಶಿದ್ದಪ್ಪ ‘ಕಾಣಾಕತ್ತಿ ಬಿಡ ಯಕ್ಕಾ, ನಾ ಏನ್ ಕುಡ್ಡ ಆಗೇನೇನ?’ ಎಂದು ನಗುತ್ತ ಹೋದ. ನಾನು ಒಳಗೆ ಮುಚ್ಚಿದ ಪಾತ್ರೆಗಳ ಮುಂದೆ ಕೂತಿದ್ದೆ. ತಾವು ರುಚಿಯೂ ನೋಡದ ಅಡುಗೆಯನ್ನು ನನ್ನೊಬ್ಬಳಿಗೇ ಯಾಕೆ ಬಿಟ್ಟಿದ್ದಾರೆ? ಕಡೆಗೆ ತಡೆಯಲಾರದೆ ಹೊರಗೆ ಬಂದು, ‘ಅತ್ತೀ, ಖರೇ ಹೇಳ್ರಿ, ನನ್ನ ಕೂಡ ಉಣ್ಣಾಕ ಏನ್ ತ್ರಾಸ ನಿಮಗ? ಅದರಾಗ ಏನರ ಹಾಕೀರೇನ?’ ಎಂದುಬಿಟ್ಟೆ. ಹೌದು, ಹಾಗೇ ಅಂದೆ.

‘ಸಾವಕಾಶ ಮಾತಾಡವಾ’ ಎಂದು ಪಕ್ಕಕ್ಕೆ ಕೂರಿಸಿಕೊಂಡರು. ‘ನಿನಗ ಒಂದ ಬಿಕ್ಕ ಹತ್ತಿದ್ರೂ ಮನ್ಯಾಗ ಮತ್ತ ಯಾರಿದ್ರು ಅಂತ ಕೇಳ್ತಾರ. ಅವತ್ತೂ ನಾವಿಬ್ಬರ ಇದ್ದಿವಿ. ದ್ರಾಕ್ಷಾಯಿಣಿ ಹೊಟ್ಟಿ ನೋವು ಅಂದ್ಲು, ಹಾಲು ಕೊಟ್ಟೆ, ತಲಿ ಒತ್ತಿದೆ. ನಾ ಏನೂ ಮಾಡಿಲ್ಲ ಅಂತ ಹೇಳಾಕ ಒಬ್ಬರರ ಇರಲಿಲ್ಲ. ಅದಕ್ಕ ಈಗ ಯಾರರ ನೋಡೂವಂಗ ಇರತೇನಿ, ಅಷ್ಟ. ಕಪ್ ಬದಲ್ ಮಾಡಿದ್ದೂ ಛಲೋನ ಆತು, ನಿನಗ ಧೈರ್ಯ ಬಂತಲ್ಲ.’

ಒಳಗೆ ಹೋಗಿ ರೊಟ್ಟಿ, ಎಣ್ಣೆಗಾಯಿ, ಮೊಸರು ಎಲ್ಲ ಕಟ್ಟೆಗೆ ತಂದು ‘ಬಡಸ್ರಿ’ ಎಂದೆ. ‘ತಡಿ, ಯಾರರ ಬರಲಿ’ ಎಂದರು. ‘ಯಾರೂ ಬರೂದು ಬ್ಯಾಡ್ರಿ, ಹಸಿವಾಗೇತಿ’ ಎಂದೆ. ಬೀದಿಯನ್ನು ಆ ತುದಿಯಿಂದ ಈ ತುದಿವರೆಗೆ ನೋಡಿದರು. ಒಂದು ನಾಯಿಯೂ ಇರಲಿಲ್ಲ. ಆಮೇಲೆ ರೊಟ್ಟಿ ಮುರಿದು ನನ್ನ ತಟ್ಟೆಗೆ ಹಾಕಿದರು. ಬದನೆಕಾಯಿಯ ಖಾರಕ್ಕೆ ನನಗೆ ಕೆಮ್ಮು ಹತ್ತಿದಾಗ ಅವರ ಮುಖ ನೋಡಬೇಕಿತ್ತು. ‘ಸತ್ತಿಲ್ಲ ಬಿಡ್ರಿ’ ಎಂದೆ. ಇಬ್ಬರೂ ನಕ್ಕೆವು. ಅಣ್ಣನಿಗೆ ಬರಬೇಡ ಎಂದು ಹೇಳಿದ್ದೇನೆ. ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಎರಡು ದಿನಕ್ಕೆ ಸರಿಹೋಗುತ್ತಾಳೆ.

ನಿಮ್ಮ ಜೊತೆಗಾರ ಲೋಹಿತ ರಜೆ ಮುಗಿಸಿ ಇವತ್ತೇ ತಿರುಚ್ಚಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಅತ್ತೆಯ ಆಶೀರ್ವಾದ, ಜೊತೆಗೆ ಬಿಸಿನೀರು ಕುಡಿಯಬೇಕೆಂಬ ಅಪ್ಪಣೆ. ನನ್ನ ಕಡೆಯಿಂದ ಏನೇನು ಎಂಬುದನ್ನು ಲೋಹಿತ ಓದಬಾರದು, ಊಹಿಸಿಕೊಳ್ಳಿ.

ನಿಮ್ಮ, ಪೂರ್ತಿ ನಿಮ್ಮ,
ಶಾಂಭವಿ

ತಾ.ಕ.: ಲೋಹಿತ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಇದನ್ನು ಬರೆಯದೆ ಕಳಿಸಲಾರೆ. ಪಾತ್ರೆ ತೊಳೆಯುವಾಗ ನಾನು ‘ಹಾಜರಾಬೀನ್ನ ಕರಿಯೂದು ಇನ್ನ ಸಾಕ್ರಿ’ ಎಂದೆ. ಅತ್ತೆ ತಲೆ ಎತ್ತದೆ, ‘ಮೊದಲ ಕರದಾಕಿ ನಾ ಅಲ್ಲವಾ. ವಿಶಾಲ ಹೋಗೂ ಮುಂದ ಹಿತ್ತಲದಾಗ ಆಕಿಗೆ ಹೇಳಿದಾ, ಇವರಿಬ್ಬರನ್ನಷ್ಟ ಮನ್ಯಾಗ ಬಿಡಬ್ಯಾಡ್ರಿ ಅಂತ. ನನಗ ಕೇಳಿಸ್ತು. ಅಂವಗ ಏನೂ ಅನಬ್ಯಾಡ’ ಎಂದರು. ಅವರ ಮೇಲೆ ಮತ್ತೆ ಅಪವಾದ ಬಾರದಿರಲಿ ಎಂದು ಹೇಳಿದಿರೋ, ನನಗೆ ಏನಾದರೂ ಆದೀತೆಂದು ಹೇಳಿದಿರೋ? ನಾನಾದರೋ ನಿನ್ನೆ ಮೊನ್ನೆ ಈ ಮನೆಗೆ ಬಂದವಳು; ನೀವು ಅವರ ಮಗ. ಉತ್ತರ ನನಗೆ ಬೇಡ. ರವಿವಾರ ಹಾಜರಾಬಿ ಬರುವ ಮೊದಲೇ ಫೋನ್ ಮಾಡಿ, ಯಾಕೆ ಹಾಗೆ ಹೇಳಿದಿರೆಂದು ಅತ್ತೆಗೇ ಹೇಳಿ. ಅವರು ತಾವಾಗಿ ಎಂದಿಗೂ ಕೇಳುವುದಿಲ್ಲ.